ಬಲಗೈಯ ಊದಿನಕಡ್ಡಿ

ಹುಣಸೂರಿನ ಫಾತಿಮುನ್ನೀಸಾ ಚಿಕ್ಕಂದಿನಿಂದ ಊದಿನಕಡ್ಡಿ ಹೊಸೆದವರು. ಗಂಡ ಮುಖ್ತಾರ್ ತೀರಿಕೊಂಡ ಮೇಲೆ ಅದನ್ನೇ ಬುಟ್ಟಿಯಲ್ಲಿ ಹೊತ್ತು ಇಪ್ಪತ್ತು ವರ್ಷ ಹಳ್ಳಿ ತಿರುಗಿ ಮಾರಿದರು. ಐವತ್ತು ದಾಟುವಾಗ ಮಂಡಿ ಸೋತಿತ್ತು. ನಮಾಜಿಗೆ ಕುಳಿತರೆ ಏಳುವಾಗ ಗೋಡೆ ಹಿಡಿಯಬೇಕಿತ್ತು. ನಮ್ಮ ಜಗಲಿಯಲ್ಲಿ ಕಾಲು ಚಾಚಿಕೊಂಡು ಅವರೇ ಹೇಳಿದ ಸಂಗತಿ ಇದು.

ಆ ವರ್ಷ ಕಡ್ಡಿ ಮಾಡಿಸುವ ಸಾಹುಕಾರ ಗಯಾಸುದ್ದೀನರಿಗೆ ಒಂದು ಯೋಚನೆ ಬಂತು. ಮಾಡಿಟ್ಟು ಮಾರುವುದಕ್ಕಿಂತ, ಜನರಿಗೆ ಏನು ಇಷ್ಟವೆಂದು ಮೊದಲು ಕೇಳಿ ಅದನ್ನೇ ಮಾಡುವುದು. ಶ್ರೀಗಂಧವೋ, ಸಂಪಿಗೆಯೋ?

"ಅರವತ್ತು ಮನೆ ಕೇಳ್ಕೊಂಡು ಬಾ, ಬೀ. ಸರಿಯಾದ ಉತ್ತರ ತಂದ್ರೆ ಇನ್ಮೇಲೆ ತಿರುಗೋದು ಬೇಡ. ಒಳಗೆ ಕೂತು ಹೊಸೆಯೋ ಹೆಂಗಸರನ್ನ ನೋಡ್ಕೊಂಡಿರು."

ಕೂತು ಮಾಡುವ ಕೆಲಸ. ಅವರಿಗೆ ಬೇಕಿದ್ದದ್ದು ಅದೊಂದೇ.

ಗುರುಪುರ, ವೀರನಹೊಸಹಳ್ಳಿ, ನಡುವಿನ ಸಣ್ಣ ಊರುಗಳು. ಪ್ರತಿ ಬಾಗಿಲಲ್ಲೂ ಬಲಗೈಯಲ್ಲಿ ಶ್ರೀಗಂಧದ ಕಡ್ಡಿ, ಎಡಗೈಯಲ್ಲಿ ಸಂಪಿಗೆಯದು ಹಿಡಿದು, "ಯಾವುದು ಇಷ್ಟ ತಾಯಿ?" ಎಂದು ಕೇಳಿದರು. ಅರವತ್ತರಲ್ಲಿ ಐವತ್ತೇಳು ಮನೆಯವರು ಶ್ರೀಗಂಧ ತೋರಿಸಿದರು. ಸಾಹುಕಾರರಿಗೆ ಸಂತೋಷವಾಯಿತು. "ಸೋಮವಾರದಿಂದ ಒಳಗೆ ಕೂರು" ಎಂದರು.

ಶನಿವಾರ ಫಾತಿಮುನ್ನೀಸಾ ಗುರುಪುರಕ್ಕೆ ಕೊನೆಯ ಸಲವೆಂದು ಹೋದರು. ಹಳೆಯ ಗಿರಾಕಿ, ಒಕ್ಕಲು ಮನೆಯ ಶಿವರುದ್ರಮ್ಮನಿಗೆ ಹೇಳಿ ಬರಬೇಕಿತ್ತು.

"ಇನ್ಮೇಲೆ ಶ್ರೀಗಂಧದ್ದೇ ಮಾಡ್ತಾರೆ ಅಮ್ಮಾವ್ರೆ. ನಿಮ್ಗೂ ಅದೇ ತಾನೆ ಇಷ್ಟ?"

"ನಾನು ತೋರ್ಸಿದ್ದು ಶ್ರೀಗಂಧವಾ? ನಂಗೇನ್ ಗೊತ್ತು ಬೂವಮ್ಮ."

"ಮತ್ಯಾಕೆ ತೋರ್ಸಿದ್ರಿ?"

"ನಿನ್ ಬಲಗೈಲಿತ್ತಲ್ಲ, ಅದ್ಕೆ. ಶಿವನ ಮುಂದೆ ಅಚ್ಚೋದ್ನ ಎಡಗೈಯಿಂದ ಯಾರಾರ ಈಸ್ಕೊಂಡಾರಾ?"

"ಮೂಸಿ ನೋಡ್ಬೇಕಿತ್ತಲ್ಲ!"

"ದ್ಯಾವ್ರಿಗಿಂತ ಮುಂಚೆ ನಾನು ಮೂಸ್ಲಾ? ಚೆನ್ನಾಗ್ ಏಳ್ತೀಯ ಬುಡು! ಇಷ್ಟ್ ವರ್ಸ ಮಾರಿದ್ದೀಯ, ಅಷ್ಟೂ ತಿಳೀದಾ?" ಎಂದು ಶಿವರುದ್ರಮ್ಮ ನಕ್ಕರು.

ಫಾತಿಮುನ್ನೀಸಾ ನಗಲಿಲ್ಲ. ಇಷ್ಟು ವರ್ಷ ಕಟ್ಟು ಕಟ್ಟಿದ್ದನ್ನು ಬುಟ್ಟಿಯಿಂದ ತೆಗೆದು ಕೊಟ್ಟಿದ್ದರೇ ಹೊರತು, ಎರಡು ಕೈಯಲ್ಲಿ ಹಿಡಿದು ಆರಿಸಿಕೊಳ್ಳಿ ಎಂದು ಯಾರನ್ನೂ ಕೇಳಿರಲಿಲ್ಲ. ಆ ಹೆಂಗಸರು ಪರಿಮಳ ಮೂಗಿಗೆ ತಾಕದಂತೆ ಕತ್ತು ಹಿಂದಕ್ಕೆಳೆದುಕೊಂಡು ಬೆರಳು ತೋರಿಸಿದ್ದು ಈಗ ನೆನಪಿಗೆ ಬಂತು. ಐವತ್ತೇಳು ಮನೆ ಆರಿಸಿದ್ದು ಕಡ್ಡಿಯನ್ನಲ್ಲ, ಕೈಯನ್ನು.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹಿಂದಿರುಗುವ ದಾರಿಯಲ್ಲಿ ನಾಲ್ಕು ಸಲ ಕುಳಿತರು. ದೇವರ ಮುಂದೆ ಉರಿಯುವ ಕಡ್ಡಿ, ಯಾರ ದೇವರಾದರೇನು, ಅದರ ವಿಷಯದಲ್ಲಿ ಸುಳ್ಳು ಉಳಿಸಿಕೊಂಡು ತಣ್ಣಗೆ ಕೂರಲು ಮನಸ್ಸು ಬರಲಿಲ್ಲ.

ಸೋಮವಾರ ಇದ್ದದ್ದನ್ನು ಹೇಳಿದರು. ಸಾಹುಕಾರರು ಬರೆದಿಟ್ಟ ಲೆಕ್ಕ ಹೊಡೆದುಹಾಕಿದರು. "ಹಾಗಾದ್ರೆ ಮತ್ತೆ ಕೇಳ್ಬೇಕಲ್ಲ. ಯಾರು ಹೋಗ್ತಾರೆ?"

"ನಾನೇ ಹೋಗ್ತೀನಿ."

ಫಾತಿಮುನ್ನೀಸಾ ಬರುವವರೆಗೆ ಒಳಗಿನ ಕೆಲಸಕ್ಕೆ ಸಾಹುಕಾರರು ಅಜೀಜುನ್ನೀಸಾ ಎಂಬಾಕೆಯನ್ನು ಕೂರಿಸಿದರು.

ಈ ಸಲ ಪ್ರತಿ ಮನೆಗೂ ಎರಡೆರಡು ನಡಿಗೆ. ಬುಟ್ಟಿಯನ್ನು ಜಗಲಿಯ ಮೇಲಿಟ್ಟು, ಎರಡು ಬಗೆಯನ್ನೂ ಮನೆಯವರೇ ತೆಗೆದುಕೊಳ್ಳಲಿ ಎಂದು ಬಿಟ್ಟರು. ಒಂದು ದಿನ ಒಂದು, ಮರುದಿನ ಇನ್ನೊಂದು ಪೂಜೆಗೆ ಹಚ್ಚಲು ಹೇಳಿ, ನಾಲ್ಕನೆಯ ದಿನ ಹೋಗಿ ಕೇಳಿದರು. ಕೆಲವರು ಅತ್ತೆಯ ಮುಖ ನೋಡಿದರು. ಶಿವರುದ್ರಮ್ಮ ಕಂಬಕ್ಕೊರಗಿ ನಿಂತರು.

"ನಮ್ ಯಜಮಾನ್ರಿಗೆ ಶ್ರೀಗಂಧ ಕಣವ್ವ."

"ನಿಮ್ಗೆ?"

"ನಂಗಾ?" ಮನೆಯ ಒಳಗಡೆ ಒಮ್ಮೆ ನೋಡಿದರು. "ನಂಗೆ ಸಂಪ್ಗೆ."

ಮೂವತ್ತೆಂಟು ಮನೆ ಸಂಪಿಗೆ, ಹದಿನೈದು ಶ್ರೀಗಂಧ. ಏಳು ಮನೆಯ ಹೆಂಗಸರಿಗೆ ಹೇಳಲು ಆಗಲೇ ಇಲ್ಲ. ಸಾಹುಕಾರರು ಸಂಪಿಗೆಯದನ್ನೇ ಮಾಡಿಸಿದರು, ಚೆನ್ನಾಗಿ ಹೋಯಿತು. ಅಷ್ಟರಲ್ಲಿ ಅಜೀಜುನ್ನೀಸಾ ಒಳಗಿನ ಕೆಲಸ ಕಲಿತುಬಿಟ್ಟಿದ್ದಳು.

"ನಿನ್ನಷ್ಟು ಸರಿಯಾಗಿ ಕೇಳೋರು ಬೇರೆ ಯಾರಿದ್ದಾರೆ, ಬೀ?" ಎಂದ ಸಾಹುಕಾರರು, ಮುಂದಿನ ವಾರ ಅವರನ್ನು ಹೆಗ್ಗಡದೇವನಕೋಟೆಯ ಕಡೆಯ ಮನೆಗಳನ್ನು ಕೇಳಿ ಬರಲು ಕಳಿಸಿದರು.