ಮಂಜಿನ ಮಾತು ಮುಟ್ಟಿಸಿದ ಕನಸಕ್ಕ

ಬಿಡಿ ಬಿಡಿ ಘಟಕಗಳನ್ನು ಕೂಡಿಸಿ ಜಾವಾ ಎಂಬ ಗಣಕ ಭಾಷೆಯಲ್ಲಿ ಜಾಲತಾಣಗಳನ್ನು ಕಟ್ಟುವವರ ನಡುವೆ ಹೊಸದನ್ನು ಕಟ್ಟಿ ಹೆಸರು ಗಳಿಸಿದವರು ಬಹಳ. ಕಟ್ಟಿದ್ದರಲ್ಲಿ ಒಂದು ಘಟಕ ಇನ್ನೊಂದರ ದಾರಿ ಕಾಯುತ್ತ ಸದ್ದಿಲ್ಲದೆ ಕುಳಿತುಬಿಟ್ಟಾಗ, ಅದು ಯಾರಿಗಾಗಿ ಕುಳಿತಿದೆ, ಬರಬೇಕಾದವರು ಏಕೆ ಬಂದಿಲ್ಲ ಎಂದು ತಾಳ್ಮೆಯಿಂದ ವಿಚಾರಿಸಿ ನೋಡುವವರು ಬೆರಳೆಣಿಕೆಯಷ್ಟು. ಬಂದರು ಕಚೇರಿಯ ಗಣಕ ವಿಭಾಗದಿಂದ ಈಗ ನಿವೃತ್ತರಾಗುತ್ತಿರುವ, ಎಲ್ಲರೂ ಅಕ್ಕರೆಯಿಂದ ಕನಸಕ್ಕ ಎಂದು ಕರೆಯುವ ಹಿರಿಯ ಪ್ರೋಗ್ರಾಮರು ಆ ಬೆರಳೆಣಿಕೆಯವರಲ್ಲಿ ಅಗ್ರಗಣ್ಯರು.

ಆ ಹೆಸರು ಅವರಿಗೆ ಬಂದದ್ದು ಕಿಟಕಿಯಿಂದ. ಕೆಲಸ ಕಗ್ಗಂಟಾದಾಗ ಉಳಿದವರು ಪರದೆಗೆ ಇನ್ನಷ್ಟು ಹತ್ತಿರ ಬಾಗಿದರೆ, ಅವರು ಕುರ್ಚಿ ತಿರುಗಿಸಿ, ಗಲ್ಲಕ್ಕೆ ಕೈಯೂರಿ, ಕೆಳಗಿನ ಕಟ್ಟೆಯನ್ನೂ ಆಚೆಯ ನೀರನ್ನೂ ನೋಡುತ್ತ ಕೂರುತ್ತಿದ್ದರು. ಹೊಸದಾಗಿ ಬಂದ ಮೇಲಧಿಕಾರಿಯೊಬ್ಬರು ಪಕ್ಕದವರನ್ನು ಕರೆದು, ಆ ಹೆಂಗಸಿಗೆ ಮನೆಯಲ್ಲಿ ನಿದ್ದೆ ಸಾಲುವುದಿಲ್ಲವೇ ಎಂದು ಮೆಲ್ಲನೆ ವಿಚಾರಿಸಿದ್ದುಂಟು. ಅವರು ನಿದ್ರಿಸುತ್ತಿರಲಿಲ್ಲ. ನೀರಿನ ಮೇಲೆ ಬೆಳಕು ಅಲುಗುವುದನ್ನು ನೋಡುತ್ತಿದ್ದರೆ ಮನಸ್ಸಿನೊಳಗಿನ ಗಂಟು ತಾನಾಗಿ ಸಡಿಲವಾಗುತ್ತದೆಂದು ಅವರಿಗೆ ಅನುಭವದಿಂದ ಗೊತ್ತಿತ್ತು, ಅಷ್ಟೆ.

ಬೆರಳಚ್ಚು ವಿಭಾಗದಿಂದ ಸೇವೆ ಆರಂಭಿಸಿ, ಮನೆಯ ಒಲೆ ಆರಿದ ಮೇಲೆ ಓದಿ ಪ್ರೋಗ್ರಾಮಿಂಗ್ ಕಲಿತು ಮೇಲಿನ ಮಹಡಿಗೆ ಬಂದವರು ಅವರು. ಆ ಕಾಲಕ್ಕೆ ಟಿಕೆಟ್ಟು, ವೇಳಾಪಟ್ಟಿ, ಹವಾಮಾನ ಎಲ್ಲವೂ ಒಂದೇ ಮುದ್ದೆಯಾಗಿದ್ದ ತಂತ್ರಾಂಶ. ಒಂದೆಳೆ ಎಳೆದರೆ ಇಡೀ ಬಟ್ಟೆ ಬಿಚ್ಚಿಕೊಳ್ಳುತ್ತಿತ್ತು. ಅದನ್ನು ಬಿಡಿ ಘಟಕಗಳಾಗಿ ಕತ್ತರಿಸಿ, ಒಂದು ಘಟಕ ತನ್ನ ಸೇವೆಯನ್ನು ಹೆಸರು ಹೇಳಿ ನೋಂದಾಯಿಸುವಂತೆ, ಬೇಕಾದ ಘಟಕ ಅದೇ ಹೆಸರು ಹೇಳಿ ಕೇಳಿ ಪಡೆಯುವಂತೆ ವ್ಯವಸ್ಥೆ ಮಾಡಿದ ತಂಡದಲ್ಲಿ ಕನಸಕ್ಕ ಇದ್ದರು. ಕೇಳಿದ ಸೇವೆ ಸಿಗದಿದ್ದರೆ ಆ ಭಾಗ ಜಗಳವಾಡುವುದಿಲ್ಲ, ದೋಷವೆಂದು ಕೂಗುವುದೂ ಇಲ್ಲ, ಸುಮ್ಮನೆ ಕಾಯುತ್ತದೆ. ಈ ಮೌನವೇ ಅಪಾಯವೆಂದು ಅವರು ಆಗಾಗ ಹೇಳುತ್ತಿದ್ದರೂ ಅದರ ಅರ್ಥ ಕಚೇರಿಗೆ ತಿಳಿದದ್ದು ಒಂದು ಬಿಸಿಲಿನ ಮುಂಜಾನೆ.

ಬಂದರಿನಿಂದ ಎದುರಿನ ದ್ವೀಪಕ್ಕೆ ಹೋಗುವ ದೋಣಿಗಳ ಚಾಲಕರ ಮುಂದೆ ಒಂದೊಂದು ಪುಟ್ಟ ಪರದೆ ಇರುತ್ತದೆ. ಅದರ ಮೂಲೆಯ ಚೌಕದಲ್ಲಿ, ಬಂದರಿಗೂ ದ್ವೀಪಕ್ಕೂ ನಡುವೆ ದೋಣಿಗಳು ಸಾಗುವ ಕಾಲುವೆಯ ಮಂಜಿನ ಎಚ್ಚರಿಕೆ ಬರುತ್ತಿತ್ತು. ಮಂಜಿಲ್ಲದ ದಿನ ಚೌಕ ಖಾಲಿ. ಆ ಬೆಳಿಗ್ಗೆ ಚಾಲಕರ ಪುಟದ ಹೊಸ ಆವೃತ್ತಿಯನ್ನು ಏರಿಸಿದ್ದ ಸಹೋದ್ಯೋಗಿಯನ್ನು ಎಲ್ಲರೂ ಆತುರದಣ್ಣ ಎನ್ನುತ್ತಿದ್ದರು. ಕೈಚಳಕದ ಮನುಷ್ಯ, ಆದರೆ ಕಾಲಿಗೆ ಚಕ್ರ ಕಟ್ಟಿಕೊಂಡವನು. ಎಲ್ಲ ಘಟಕಗಳ ಮುಂದೆಯೂ ಚಾಲನೆಯಲ್ಲಿದೆ ಎನ್ನುವ ಹಸಿರು ದೀಪ ಕಂಡು ಅವನು ಚಹಾಕ್ಕೆ ಎದ್ದಿದ್ದ. ಕನಸಕ್ಕ ಎಂದಿನಂತೆ ಕಿಟಕಿಯತ್ತ ತಿರುಗಿದ್ದರು. ಕಟ್ಟೆಯ ಮೇಲೆ ಬಿಸಿಲು ಚೆಲ್ಲಿತ್ತು, ಹಗ್ಗಗಳ ನೆರಳು ನೀರಿನಲ್ಲಿ ತೂಗುತ್ತಿತ್ತು. ಎಲ್ಲ ಇದ್ದಲ್ಲೇ ಇತ್ತು; ದ್ವೀಪವೊಂದಿರಲಿಲ್ಲ. ಅದರ ಗುಡ್ಡವಿರಬೇಕಾದ ಕಡೆ ಆಕಾಶವೋ ನೀರೋ ತಿಳಿಯದ ಒಂದು ಬಿಳುಪು, ಯಾರೋ ಮೆತ್ತಗೆ ಒರೆಸಿ ಹಾಕಿದಂತೆ. ಅವರು ತಮ್ಮ ಮೇಜಿನ ಪರದೆಯಲ್ಲಿ ಚಾಲಕರ ಪುಟ ನೋಡಿದರು. ಚೌಕ ಖಾಲಿ.

ಕನಸಕ್ಕ ಮೊದಲು ಫೋನೆತ್ತಿದರು. "ಸಾರ್, ದೋಣಿ ಬಿಡಬೇಡಿ. ನಮ್ಮ ಪರದೆ ಹೇಳ್ತಿರೋದು ನಂಬೋ ಹಾಗಿಲ್ಲ," ಎಂದರು. ಬಂದರಿನ ಮೇಲ್ವಿಚಾರಕರು ಒಂದು ದೋಣಿ ಆಗಲೇ ಹೊರಟಿದೆಯೆಂದೂ, ಆಚೆಯಿಂದ ಸರಕಿನ ದೋಣಿಯೊಂದು ಬರುತ್ತಿದೆಯೆಂದೂ ತಿಳಿಸಿದರು. ಹೊರಟ ದೋಣಿಯಲ್ಲಿ ಯಾರಿದ್ದಾರೆಂದು ಕನಸಕ್ಕನವರಿಗೆ ಗೊತ್ತಿತ್ತು. ದ್ವೀಪದಲ್ಲಿರುವ ತಮ್ಮ ಮಗಳ ಮನೆಗೆಂದು ಹೊರಟ ಅತ್ತೆಯವರನ್ನು ಹತ್ತಿಸಿಯೇ ಅವರು ಕಚೇರಿಗೆ ಬಂದಿದ್ದರು. ಮೇಲ್ವಿಚಾರಕರಿಗೆ ವೈರ್‌ಲೆಸ್ಸಿನಲ್ಲಿ ಪ್ರಯಾಣಿಕರ ದೋಣಿ ಸಿಕ್ಕಿತು. ಕಾಲುವೆಯ ಬಾಯಲ್ಲಿ ಮಂಜು ಕವಿದು ಮೂಗಿನ ತುದಿ ಕಾಣುವುದಿಲ್ಲವೆಂದೂ, ಲಂಗರು ಹಾಕಿ ಸೈರನ್ ಊದುತ್ತೇನೆಂದೂ ಅದರ ಚಾಲಕ ಹೇಳಿದ. ಸರಕಿನ ದೋಣಿ ಗುಡ್ಡದ ಮರೆಯಲ್ಲಿತ್ತು, ವೈರ್‌ಲೆಸ್ಸಿಗೆ ನಿಲುಕಲಿಲ್ಲ. ಎಂಜಿನ್ನಿನ ಗದ್ದಲದಲ್ಲಿ ಅದರ ಚಾಲಕ ಫೋನೂ ಎತ್ತುತ್ತಿರಲಿಲ್ಲ. ಅವನ ಕಣ್ಣೆದುರು ಇದ್ದದ್ದು ಆ ಪರದೆ ಮಾತ್ರ, ಅದರ ಮೂಲೆಯಲ್ಲಿ ಕಾಲುವೆ ನಿರ್ಮಲವಾಗಿದೆಯೆಂದು ಸುಳ್ಳು ಹೇಳುವ ಒಂದು ಖಾಲಿ ಚೌಕ.

ಇಡೀ ವ್ಯವಸ್ಥೆಯನ್ನೇ ಒಮ್ಮೆ ನಿಲ್ಲಿಸಿ ಮತ್ತೆ ಶುರು ಮಾಡಿ ಎಂದರು, ಮಹಡಿ ಹತ್ತಿ ಗಣಕ ವಿಭಾಗಕ್ಕೇ ಬಂದ ಮೇಲ್ವಿಚಾರಕರು. ಎದ್ದ ಮೇಲೂ ಅದು ಹೀಗೆಯೇ ಕಾಯುತ್ತ ಕೂರುತ್ತದೆ, ಕಾಲಹರಣವಷ್ಟೇ ಎಂದರು ಕನಸಕ್ಕ. ಹಳೆಯ ಆವೃತ್ತಿಗೆ ಮರಳುವಂತೆಯೂ ಇರಲಿಲ್ಲ. ಅದೇ ಬೆಳಿಗ್ಗೆ ಬದಲಾಗಿದ್ದ ಇತರ ಘಟಕಗಳ ಜೊತೆ ಹಳೆಯದು ಹೊಂದುತ್ತಿರಲಿಲ್ಲ. ಅಷ್ಟರಲ್ಲಿ ಆತುರದಣ್ಣ ಓಡಿ ಬಂದಿದ್ದ.

"ಅಕ್ಕ, ಎಲ್ಲಾನೂ ಹಸಿರು ತೋರಿಸ್ತಿದೆಯಲ್ಲ," ಎಂದ.

"ಬಾಗಿಲು ತೆಗೆದಿದೆ ಅಂದ್ರೆ ಮನೇಲಿ ಯಾರೋ ಇದ್ದಾರೆ ಅಂತಲ್ಲಪ್ಪ. ಒಳಗೆ ಹೋಗಿ ನೋಡೋಣ, ಕೂತ್ಕೋ."

ಒಳಗಿನ ಪಟ್ಟಿ ತೆರೆದರೆ, ಎಚ್ಚರಿಕೆ ತೋರಿಸಬೇಕಾದ ಭಾಗದ ಮುಂದೆ ಅವಲಂಬನೆ ಈಡೇರಿಲ್ಲವೆಂಬ ಒಂದು ಸಾಲಿತ್ತು. ಅದು ಮಂಜಿನ ಸೇವೆಯನ್ನು ಕೇಳುತ್ತಿತ್ತು. ಸೇವೆ ಕೊಡುವ ಘಟಕವನ್ನು ನೋಡಿದರೆ, ಅದು ಅದೇ ಹೆಸರಿನಲ್ಲಿ ನೋಂದಾಯಿಸಿಕೊಂಡು ಕೊಡಲು ಸಿದ್ಧವಾಗಿ ನಿಂತಿತ್ತು. ಕೇಳುವವರಿದ್ದಾರೆ, ಕೊಡುವವರಿದ್ದಾರೆ, ಹೆಸರಿನಲ್ಲಿ ಅಕ್ಷರ ವ್ಯತ್ಯಾಸವಿಲ್ಲ. ಆದರೂ ಒಬ್ಬರಿಗೊಬ್ಬರು ಕಾಣುತ್ತಿಲ್ಲ. ಕನಸಕ್ಕ ಮತ್ತೆ ಕಿಟಕಿಯತ್ತ ತಿರುಗಿದರು. ಆ ಗಳಿಗೆಯಲ್ಲಿ ಅವರು ಹಾಗೆ ತಿರುಗಿದ್ದನ್ನು ಕಂಡು ಮೇಲ್ವಿಚಾರಕರಿಗೆ ಸಿಟ್ಟು ನೆತ್ತಿಗೇರಿತ್ತೆಂದು ಅವರೇ ಮುಂದೆ ನಕ್ಕು ಹೇಳಿಕೊಂಡಿದ್ದಾರೆ. ಕನಸಕ್ಕನವರಿಗೆ ಕೇಳಿಸುತ್ತಿದ್ದುದು ದೂರದ ಸೈರನ್, ಬಿಳುಪಿನ ಒಳಗಿನಿಂದ, ನಿದ್ದೆಯಲ್ಲಿ ಯಾರೋ ಕರೆದಂತೆ. ಅತ್ತೆ ತಣ್ಣನೆಯ ಹಲಗೆಯ ಮೇಲೆ ಸೆರಗು ಬಿಗಿದು ಕುಳಿತಿರುವುದು ಕಣ್ಣಿಗೆ ಕಟ್ಟಿತು.

ತಿರುಗಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಆ ಸೇವೆಯ ಕರಾರು ಎಲ್ಲಿಂದ ತಗೊಂಡೆ?"

ಸೇವೆ ಕೊಡುವವರು ಏನು ಕೊಡಬೇಕು, ಕೇಳುವವರು ಏನು ಕೇಳಬಹುದು ಎಂದು ಬರೆದಿಟ್ಟ ಇಂಟರ್‌ಫೇಸನ್ನು ಅವರು ಕರಾರು ಎನ್ನುತ್ತಿದ್ದರು. ಅದು ಎಲ್ಲರಿಗೂ ಸೇರಿದ ಘಟಕವೊಂದರಲ್ಲಿ ಇರುತ್ತದೆ, ಎಲ್ಲರೂ ಅಲ್ಲಿಂದಲೇ ಪಡೆಯಬೇಕು. ಆತುರದಣ್ಣ ತನ್ನ ಮೇಜಿನಲ್ಲಿ ಬೇಗ ಪರೀಕ್ಷಿಸಿ ನೋಡಲೆಂದು ಅದರ ಪ್ರತಿಯೊಂದನ್ನು ತನ್ನ ಘಟಕದೊಳಗೇ ಇಟ್ಟುಕೊಂಡಿದ್ದ, ತೆಗೆಯಲು ಮರೆತಿದ್ದ. ಜಾವಾದ ಕಣ್ಣಿಗೆ ಮೂಲ ಬೇರೆ, ಪ್ರತಿ ಬೇರೆ. ಒಂದೇ ಹೆಸರಿನ ಇಬ್ಬರನ್ನು ಅದು ಒಬ್ಬರೆಂದು ಎಣಿಸುವುದಿಲ್ಲ. ಅವನ ಘಟಕ ತನ್ನ ಬಳಿಯ ಕರಾರಿನ ಪ್ರಕಾರ ಸೇವೆ ಕೇಳುತ್ತ, ಎಂದೂ ಬಾರದವರ ದಾರಿ ಕಾಯುತ್ತಿತ್ತು.

ಮೇಲ್ವಿಚಾರಕರು, ನೀವೇ ಕೂತು ಬೇಗ ಸರಿಮಾಡಿಬಿಡಿ ಎಂದು ಕನಸಕ್ಕನವರಿಗೆ ಕುರ್ಚಿ ಎಳೆದುಕೊಟ್ಟರು. ಅವರು ಕೂರಲಿಲ್ಲ. ಘಟಕದ ಒಳಹೊರಗು ಬಲ್ಲವನು ಅವನು, ಅವನ ಕೈಯೇ ಬೇಗ ಎಂದರು. ಹಾಗೆಂದು ಅವನ ಕುರ್ಚಿಯ ಬೆನ್ನಿಗೆ ಕೈಯಿಟ್ಟು ನಿಂತು, ಪ್ರತಿಯನ್ನು ತೆಗೆ, ಎಲ್ಲರದ್ದು ಇರುವಲ್ಲಿಂದ ತರಿಸಿಕೋ, ಈಗ ಕಟ್ಟು, ಈಗ ಏರಿಸು ಎಂದು ಮಗುವಿಗೆ ಅನ್ನ ತಿನ್ನಿಸುವ ದನಿಯಲ್ಲಿ ಹೇಳುತ್ತ ಹೋದರು. ಅವರು ಹೇಳಿದ್ದನ್ನು ಅವನು ಒಂದೊಂದಾಗಿ ಮಾಡುತ್ತ ಹೋದ. ಪಟ್ಟಿಯ ಆ ಸಾಲು ಬದಲಾಯಿತು. ಚೌಕದಲ್ಲಿ ಕೆಂಪು ಅಕ್ಷರ ಮೂಡಿತು. ಸ್ವಲ್ಪ ಹೊತ್ತಿಗೆ ಬಿಳುಪಿನ ಆಳದಿಂದ ಎರಡನೆಯದೊಂದು ಸೈರನ್ ಕೇಳಿಸಿತು, ಮೊದಲಿನದಕ್ಕಿಂತ ದಪ್ಪ ದನಿಯದು. ಸರಕಿನ ದೋಣಿ ನಿಂತಿತ್ತು.

ಮಂಜು ಕರಗಿದ ಮೇಲೆ ಪ್ರಯಾಣಿಕರ ದೋಣಿ ಹಿಂದಿರುಗಿತು. ಕಟ್ಟೆಯ ಮೇಲೆ ಸೊಸೆಯನ್ನು ಕಂಡ ಅತ್ತೆ, "ಏನೇ, ನಿನ್ನ ಕಂಪ್ಯೂಟರು ನಿದ್ದೆ ಹೊಡೀತಿತ್ತಂತೆ?" ಎಂದು ಕೇಳಿದರು. "ಇಲ್ಲ ಅತ್ತೆ, ಪಾಪ, ಕಾಯ್ತಾ ಇತ್ತು," ಎಂದ ಕನಸಕ್ಕ ಅವರ ಕೈ ಹಿಡಿದು ಇಳಿಸಿಕೊಂಡವರು ಮನೆ ಮುಟ್ಟುವವರೆಗೂ ಆ ಕೈ ಬಿಡಲಿಲ್ಲವಂತೆ.

ವಿಚಾರಣೆಯ ಸಭೆಯಲ್ಲಿ ತಪ್ಪು ಯಾರದೆಂದು ಕೇಳಲಾಯಿತು. ಆತುರದಣ್ಣ ಎದ್ದು ನಿಂತು ತನ್ನದೆಂದ. ಕನಸಕ್ಕ ಅದನ್ನು ಅಲ್ಲಗಳೆಯಲಿಲ್ಲ, ಅಲ್ಲಿಗೇ ಬಿಡಲೂ ಇಲ್ಲ. "ಪ್ರತಿ ಇಟ್ಟಿದ್ದು ಅವನು, ನಿಜ. ಆದರೆ ಮಂಜಿಲ್ಲ ಅನ್ನೋದಕ್ಕೂ ಗೊತ್ತಿಲ್ಲ ಅನ್ನೋದಕ್ಕೂ ಒಂದೇ ಖಾಲಿ ಚೌಕ ಸಾಕು ಅಂತ ಒಪ್ಪಿದೋರು ಈ ಕೋಣೇಲಿರೋ ಅಷ್ಟೂ ಜನ," ಎಂದರು. ಅಂದಿನಿಂದ ಸೇವೆ ಸಿಗದಿದ್ದಾಗ ಆ ಚೌಕ 'ಗೊತ್ತಿಲ್ಲ' ಎಂದು ದೊಡ್ಡ ಅಕ್ಷರದಲ್ಲಿ ಒಪ್ಪಿಕೊಳ್ಳುತ್ತದೆ. ಹಸಿರು ದೀಪವಿದ್ದರೂ ಒಳಗೆ ಕಾಯುತ್ತಿರುವ ಭಾಗವಿದ್ದರೆ ಹೊಸ ಆವೃತ್ತಿಯನ್ನು ಏರಿಸಲು ವ್ಯವಸ್ಥೆಯೇ ಬಿಡುವುದಿಲ್ಲ. ಇವೆರಡನ್ನೂ ಕಟ್ಟುವ ಹೊಣೆಯನ್ನು ಕನಸಕ್ಕ ಪಟ್ಟು ಹಿಡಿದು ಆತುರದಣ್ಣನಿಗೇ ಕೊಡಿಸಿದರು. ಇಂದು ವಿಭಾಗದ ಮುಖ್ಯಸ್ಥನ ಕುರ್ಚಿಯಲ್ಲಿರುವವನು ಅವನೇ. ಅಡ್ಡಹೆಸರು ಮಾತ್ರ ಅಳಿಸಿಲ್ಲ, ಅದಕ್ಕೆ ಈಗ ಆಧಾರವೇನೂ ಉಳಿದಿಲ್ಲವಾದರೂ.

ಆಮೇಲಿನ ವರ್ಷಗಳಲ್ಲಿ ಅವರು ಬಿಡಿಸಿದ ಗಂಟುಗಳು ಅನೇಕ, ತಿದ್ದಿ ಬೆಳೆಸಿದ ಮನುಷ್ಯರು ಅದಕ್ಕಿಂತ ಹೆಚ್ಚು. ನಿವೃತ್ತಿಯ ನಂತರ ಏನು ಮಾಡುವಿರೆಂದು ಕೇಳಿದವರಿಗೆ, ಕಾಯುತ್ತ ಕುಳಿತ ಘಟಕಗಳನ್ನು ಮಾತಾಡಿಸುವುದು ಹೇಗೆಂದು ಕನ್ನಡದಲ್ಲಿ ಒಂದು ಪುಸ್ತಕ ಬರೆಯುತ್ತಿದ್ದೇನೆ, ಮೊದಲ ಅಧ್ಯಾಯವೇ ಮುಗಿಯುತ್ತಿಲ್ಲ ಎಂದಿದ್ದಾರೆ. ಆ ಅಧ್ಯಾಯ ನಿಧಾನವಾಗಿಯೇ ಮುಗಿಯಲಿ; ಅದರ ಹಿಂದೆ ಇನ್ನೊಂದು, ಮತ್ತೊಂದು ಹುಟ್ಟಿಕೊಳ್ಳಲಿ; ಬರೆಯುವ ಕೈಗೆ ಬಲ, ನೋಡುವ ಕಣ್ಣಿಗೆ ಬೆಳಕು, ದೇಹಕ್ಕೆ ಆರೋಗ್ಯ ತುಂಬಿರಲಿ. ಕೊನೆಯ ಪುಟ ಎಷ್ಟು ದೂರವಿದ್ದರೆ ಅಷ್ಟು ಒಳ್ಳೆಯದೆಂಬುದು, ಅವರೊಡನೆ ದುಡಿಯುವ ಭಾಗ್ಯ ಪಡೆದವರೆಲ್ಲರ ಸ್ವಾರ್ಥ ತುಂಬಿದ ಹಾರೈಕೆ.