ಹಾಳಮಣ್ಣಿನ ಮಾಳಿಗೆ

ಹಸಿ ಹಾಳಮಣ್ಣಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಾಲುಗಳು ಆ ಮನೆಯ ಹೊಸ್ತಿಲಲ್ಲೇ ನಿಂತುಬಿಟ್ಟವು. ನಿವೃತ್ತಿಯಾದ ಮೇಲೆ ಬೈಲಹೊಂಗಲದ ಓಣಿಗಳಲ್ಲಿ ಹಳೇ ಮನೆಗಳನ್ನು ನೋಡುತ್ತ ತಿರುಗುವ ಹುಚ್ಚು ನನಗೆ. ತೊಲೆ, ಕಂಬ, ಬೆಳಕಿಂಡಿ ಅಂತ ಕತ್ತು ನೋಯುವವರೆಗೆ ಮೇಲೆ ನೋಡುತ್ತೇನೆ. ಆವತ್ತು ಮಾತ್ರ ತಲೆ ಎತ್ತಲಾಗಲಿಲ್ಲ...

ಇದೇ ಊರಲ್ಲಿ ನಾನು ಸೊಸೆಯಾಗಿ ಬಂದ ವಾಡೆಯೆಂಬ ದೊಡ್ಡ ಮನೆಗೂ ಚಾವಣಿಯಾಗಿ ಇಂಥದೇ ಮಣ್ಣಿನ ಮಾಳಿಗೆಯಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಮುದುಕನನ್ನು ಓಣಿಯೆಲ್ಲ ಮಾಳಿಗಿ ಮುತ್ತ್ಯಾ ಅನ್ನುತ್ತಿತ್ತು. ಮಳೆಗಾಲಕ್ಕೆ ಮೊದಲು ನೀರು ಇಳಿಯದಂತೆ ಹಾಳಮಣ್ಣು ಹಾಸಿ ಬಡಿಯುವುದು, ಮಳೆ ಬಿದ್ದು ಹುಲ್ಲು ಚಿಗುರಿದಾಗ ಕುಡುಗೋಲು ಹಿಡಿದು ಮತ್ತೆ ಬರುವುದು ಅವನ ಕೆಲಸ. ನಾನು ಚಹಾ ಕೊಟ್ಟರೆ, "ಸಕ್ಕರಿ ಕಡಿಮಿ ಆತು, ಕಂಜೂಸ ಸೊಸಿ" ಎಂದು ಕಾಡುತ್ತಿದ್ದ.

ಒಂದು ವರ್ಷ ಹುಲ್ಲು ಚಿಗುರಿದರೂ ಅವನು ಬರಲಿಲ್ಲ, ಜ್ವರ ಬಂದು ಮಲಗಿದ್ದ. ಮಾವನವರಿಂದ ಜಾಣೆ, ಶಾಣ್ಯಾಕಿ ಅನ್ನಿಸಿಕೊಳ್ಳುವ ಆಸೆ ನನಗೆ. ಎಲ್ಲರೂ ಸವದತ್ತಿ ಗುಡ್ಡಕ್ಕೆ ಹೋದ ದಿನ ಮಾಳಿಗೆ ಹತ್ತಿ, ಒಂದು ಗರಿಕೆಯೂ ಉಳಿಯದಂತೆ ಬೇರುಸಹಿತ ಕಿತ್ತೆ. ಮೂರನೇ ದಿನ ದೊಡ್ಡ ಮಳೆ. ಮನೆತನದ ಹಿರಿಯರು ಬರೆದಿಟ್ಟಿದ್ದ ಪೋಥಿಗಳ ಗಂಟಿನ ಮೇಲೆಯೇ ಮಾಳಿಗೆ ಸೋರಿತು.

ಹೇಳಿಕಳಿಸಿದಾಗ ಮುತ್ತ್ಯಾ ಕೋಲೂರಿಕೊಂಡು ಬಂದ. ಮಾಳಿಗೆಯ ಮೇಲೆ ಕುಂತು ತೂತುಗಳಲ್ಲಿ ಬೆರಳಿಟ್ಟು ನೋಡಿದ. ಆಮೇಲೆ, ಜೊತೆಗೆ ಹತ್ತಿದ್ದ ನನ್ನ ಬೊಬ್ಬೆ ಎದ್ದ ಅಂಗೈ ನೋಡಿದ.

"ಹುಲ್ಲು ಕೊಯ್ಯಬೇಕವಾ, ಕೀಳಬಾರದು. ಬೇರಿನ ಜಾಗಾದಾಗ ನೀರು ಇಳಿತೈತಿ," ಎಂದ ಮೆಲ್ಲಗೆ.

ಕೆಳಗಿಳಿದು ಮಾವನವರಿಗೆ ಹೇಳಿದ್ದೇ ಬೇರೆ. "ಈ ಸಲ ಮಣ್ಣು ಬಡಿಯೂದ್ರಾಗ ನಾ ತಪ್ಪಿದೆ, ಧಣ್ಯಾರ."

ನಾನು ಬಾಯಿ ಬಿಡಲಿಲ್ಲ. ಹೇಡಿ ನಾನು. ಮಾವನವರು ಸಿಮೆಂಟು ಹಾಕಿಸಿದರು. ಮುತ್ತ್ಯಾನ ಕೈ ಸೋತಿತೆಂದು ಓಣಿಯವರೂ ಒಬ್ಬೊಬ್ಬರಾಗಿ ಕರೆಯುವುದು ಬಿಟ್ಟರು. ಕೆಲಸವಿಲ್ಲದೆ ಅವನು ಯಾರದೋ ಕಟ್ಟೆಯ ಮೇಲೆ ಕುಂತಿರುತ್ತಿದ್ದ... ನಾನು ಸುತ್ತು ಹಾಕಿ ಬೇರೆ ದಾರಿಯಲ್ಲಿ ಹೋಗುತ್ತಿದ್ದೆ. ಅವನು ತೀರಿಹೋಗಿ ಈಗ ಎಷ್ಟೋ ವರ್ಷವಾಯಿತು.

"ಒಳಗ ಬರ್ರಿ," ಎಂದಳು ಹೊಸ್ತಿಲಲ್ಲಿ ನಿಂತಿದ್ದ ನನ್ನ ಗುರುತು ಹಿಡಿದ ಮನೆಯಾಕೆ. "ಇದು ಮುತ್ತ್ಯಾ ಹಾಕಿದ ಮಾಳಿಗಿ. ಅಂವ ಹೇಳಿಕೊಟ್ಟಾಂಗ ನಾವ ಮಾಡಕೋತ ಬಂದೇವಿ, ಒಂದ ಹನಿ ಸೋರಿಲ್ಲ. ನಿಮ್ಮ ವಾಡೇದಾಗ ಅದ್ಯಾಕ ಅಂವನ ಕೈ ತಪ್ಪಿತೋ..."

"ಅಂವನ ಕೈ ತಪ್ಪಿರಲಿಲ್ಲ. ಹುಲ್ಲು ಬೇರಸಹಿತ ಕಿತ್ತಾಕಿ ನಾನ," ಅಂದೆ.

ಆಕೆ ಹೊರಗಿನ ಕಟ್ಟೆಯ ಕಡೆ ಕೈ ಮಾಡಿದಳು.

"ದಿನಾ ಇಲ್ಲೇ ಕುಂಡರತಿದ್ದ ನೋಡ್ರಿ. ನಿಮ್ಮ ಮಾತು ಬಂದಾಗೆಲ್ಲ, ವಾಡೇದ ಸೊಸಿ ಭಾಳ ಶಾಣ್ಯಾಕಿ ಅಂತಿದ್ದ."

ಹೊಸ್ತಿಲ ಮೇಲೆ ಕೂರಬಾರದೆಂಬುದೂ ನೆನಪಾಗದೆ ನಾನು ಅಲ್ಲೇ ಕುಂತುಬಿಟ್ಟೆ.