ಟ್ಯಾಂಕಿನೊಳಗಿನ ಹಸಿರು ತಂತಿ

ಹಸಿರು ಬಣ್ಣ ನೋಡಿ ನಾನು ಇಷ್ಟೊಂದು ಹೆದರಿದ್ದು ಇದೇ ಮೊದಲು.

ಕಳೆದ ಭಾನುವಾರ ಬೆಳಗ್ಗೆ ಕೊಡಿಯಾಲ್‌ಬೈಲಿನ ನಮ್ಮ ಅಪಾರ್ಟ್‌ಮೆಂಟಿನ ತಾರಸಿಗೆ ಹೋಗಿ, ನೀರಿನ ಟ್ಯಾಂಕಿನ ಮುಚ್ಚಳ ತೆಗೆದು ಬಗ್ಗಿ ನೋಡಿದೆ. ಒಳಗೆ ಇಳಿಬಿಟ್ಟಿದ್ದ ತಾಮ್ರದ ತಂತಿಗಳಲ್ಲಿ ಒಂದು ಹಸಿರಾಗಿ, ತುದಿ ಸವೆದು, ನೂಲಿನ ಹಾಗೆ ಸಪೂರವಾಗಿತ್ತು. ಆ ತಂತಿಗಳನ್ನು ಅಲ್ಲಿ ಇಳಿಬಿಟ್ಟವಳು ಬೇರೆ ಯಾರೂ ಅಲ್ಲ, ನಾನೇ. ಸವೆದ ತಾಮ್ರ ಎಲ್ಲಿಗೆ ಹೋಯಿತು? ನೀರಿಗೆ. ಆ ನೀರು ಎಲ್ಲಿಗೆ ಹೋಯಿತು? ಇಡೀ ಬಿಲ್ಡಿಂಗಿನವರ ಹೊಟ್ಟೆಗೆ!

ಮೆಟ್ಟಿಲಿಳಿದು ಬರುವಾಗ ಮೇಲಿನ ಮಹಡಿಯ ಸುನಂದಕ್ಕ ಬಾಗಿಲಲ್ಲೇ ನಿಂತಿದ್ದರು.

"ಪಾಪುಗೆ ಬೆಳಗ್ಗಿಂದ ವಾಂತಿ ಮಾರಾಯ್ತಿ. ಒಂದು ಗುಟುಕು ನೀರು ಕೊಟ್ರೂ ನಿಲ್ಲುದಿಲ್ಲ."

ಪಾಪು ಅಂದರೆ ಅವರ ಮೊಮ್ಮಗಳು. ಇನ್ನೂ ಎಲ್‌ಕೆಜಿ. ಲಿಫ್ಟಿನಲ್ಲಿ ಸಿಕ್ಕಾಗೆಲ್ಲ ನನ್ನ ಕೈಹಿಡಿದು ಬಟನ್ ತಾನೇ ಒತ್ತುವವಳು. ನಾನು ಏನೂ ಹೇಳದೆ ಮನೆಗೆ ಬಂದು ಬಾಗಿಲು ಹಾಕಿಕೊಂಡೆ.

ನನ್ನ ಎಲೆಕ್ಟ್ರಾನಿಕ್ಸ್ ಹುಚ್ಚು ಈ ಅಂಕಣ ಓದುವವರಿಗೆ ಹೊಸದಲ್ಲ. ಓದಿದ್ದು ಬಿ.ಕಾಂ. ಫಿಸಿಕ್ಸ್ ಲ್ಯಾಬಿನ ಹೊಸ್ತಿಲು ಕೂಡ ದಾಟಿದವಳಲ್ಲ. ಗಂಡ ಮಸ್ಕತ್ತಿನಲ್ಲಿ, ಮಗಳು ಹಾಸ್ಟೆಲಿನಲ್ಲಿ. ಒಂದು ದಿನ ಕೆಟ್ಟ ಮಿಕ್ಸಿ ಬಿಚ್ಚಿ ಕೂತೆ. ಈಗ ಡೈನಿಂಗ್ ಟೇಬಲ್ಲಿನ ಅರ್ಧ ಭಾಗ ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ನಿನದ್ದು. (ಇನ್ನರ್ಧದಲ್ಲಿ ಊಟ. ಎರಡೂ ಬೆರೆಯದ ಹಾಗೆ ನೋಡಿಕೊಳ್ಳುತ್ತೇನೆ.)

ಕಲಿಸಿದವರು ಯಾರು? ಆನ್‌ಲೈನಿನಲ್ಲಿ ಸಿಕ್ಕಿದ ಒಂದು ಕನ್ನಡ ಗುಂಪು. ಒಬ್ಬರ ಮುಖವನ್ನೂ ನಾನು ನೋಡಿಲ್ಲ. ಹೆಚ್ಚಿನವರ ನಿಜ ಹೆಸರೂ ಗೊತ್ತಿಲ್ಲ. ಅಲ್ಲಿಯ ಹಿರಿಯರೊಬ್ಬರು ತಮ್ಮನ್ನು 'ಫ್ಯೂಸ್ ಮಾವ' ಅಂತ ಕರೆದುಕೊಳ್ಳುತ್ತಾರೆ. ಗದಗದ ಕಡೆಯವರು. ಆ ಗುಂಪಿನಲ್ಲಿ ಒಂದು ರಿವಾಜು ಉಂಟು. ಯಾವ ಪ್ರಶ್ನೆ ಕೇಳಿದರೂ ಮೊದಲು ಕರೆಂಟ್ ತೆಗೆದ ಫೋಟೋ ಹಾಕಬೇಕು. ಪ್ಲಗ್ ಕಿತ್ತಿಟ್ಟದ್ದು ಕಣ್ಣಿಗೆ ಕಾಣುವ ತನಕ ಯಾರೂ ಒಂದಕ್ಷರ ಉತ್ತರ ಕೊಡುವುದಿಲ್ಲ.

ಅವರ ಭರವಸೆಯಲ್ಲೇ ನಾನು ಬಿಲ್ಡಿಂಗಿನ ಪಂಪಿಗೆ ಕೈಹಾಕಿದ್ದು. ವಾಚ್‌ಮನ್ ಪಂಪ್ ಆಫ್ ಮಾಡಲು ಮರೆತು ಟ್ಯಾಂಕ್ ತುಂಬಿ, ನೀರೆಲ್ಲ ಪಾರ್ಕಿಂಗಿಗೆ ಸುರಿಯುತ್ತಿತ್ತು. ನಾನೊಂದು ಪೆಟ್ಟಿಗೆ ತಯಾರಿಸಿದೆ. ನೀರು ಮೇಲಿನ ತಂತಿ ಮುಟ್ಟಿದರೆ ಪಂಪ್ ಬಂದ್, ಕೆಳಗಿನ ತಂತಿಗಿಂತ ಇಳಿದರೆ ಪಂಪ್ ಚಾಲೂ. ವಾರ್ಷಿಕ ಸಭೆಯಲ್ಲಿ ಶಾಲು ಹೊದಿಸಿದರು, ಫೋಟೋ ತೆಗೆದರು. ಎಷ್ಟು ಬೀಗಿದ್ದೆ ಗೊತ್ತಾ?

ಆದರೆ ತಂತಿಯ ವಿಷಯವನ್ನು ಮಾತ್ರ ನಾನು ಗುಂಪಿನಲ್ಲಿ ಕೇಳಿರಲಿಲ್ಲ. ತಂತಿ ತಾನೇ, ಅದರಲ್ಲಿ ಕೇಳಲಿಕ್ಕೆ ಎಂತ ಉಂಟು ಅಂದುಕೊಂಡಿದ್ದೆ.

ಭಾನುವಾರ ಫೋಟೋ ಹಾಕಿ ಬರೆದೆ. 'ಕುಡಿಯುವ ನೀರಿನ ಟ್ಯಾಂಕ್. ತಂತಿ ಸವೆದು ಹಸಿರಾಗಿದೆ. ಮೇಲಿನ ಮನೆಯ ಮಗುವಿಗೆ ವಾಂತಿ. ನಾನು ಏನು ಮಾಡಿಬಿಟ್ಟೆ?'

ಫ್ಯೂಸ್ ಮಾವನ ಉತ್ತರ ಕೂಡಲೇ ಬಂತು. 'ಮೊದ್ಲ ಕರೆಂಟ್ ತಗದದ್ದು ತೋರಸ್ರಿ ಅಕ್ಕಾರ. ಆಮ್ಯಾಲ ಮಾತು.'

ಸಿಟ್ಟು ಬಂತು. ನನ್ನ ಜೀವ ಹೋಗುತ್ತಿದೆ, ಇವರಿಗೆ ರಿವಾಜು! ಆದರೂ ಕೆಳಗೆ ಪಂಪ್ ರೂಮಿಗೆ ಓಡಿದೆ. ಪೆಟ್ಟಿಗೆಯ ಪ್ಲಗ್ ಕಿತ್ತೆ, ಮತ್ತೆ ತಾರಸಿಗೆ ಹತ್ತಿ ಟ್ಯಾಂಕಿನ ವಾಲ್ವನ್ನೂ ಬಂದ್ ಮಾಡಿ ಬಂದೆ. ಫೋಟೋ ಕಳಿಸುವಾಗ ಕೈ ಸ್ವಲ್ಪ ಸ್ಥಿಮಿತಕ್ಕೆ ಬಂದಿತ್ತು.

ಆಮೇಲೆ ಆದದ್ದನ್ನು ನಾನು ಸಾಯುವ ತನಕ ಮರೆಯಲಾರೆ. ಬೈಗುಳಕ್ಕೆ ಮೈಯೆಲ್ಲ ಬಿಗಿಹಿಡಿದು ಕೂತಿದ್ದೆ. ಬಂದದ್ದು ಫೋಟೋಗಳು. ತುಮಕೂರಿನ ಒಬ್ಬರ ತೋಟದ ಟ್ಯಾಂಕಿನ ತುಂಡಾದ ತಂತಿ. ಇನ್ನೊಬ್ಬರ ಮನೆಯ ಸಂಪಿನಲ್ಲಿ ನೀಲಿಗಟ್ಟಿದ ತಂತಿ. 'ನಾನೂ ಹೀಗೇ ಮಾಡಿದ್ದೆ', 'ನಾನೂ' ಅಂತ ಕೆಳಗೆ ಸಾಲುಸಾಲು. ನೀರಿನೊಳಗೆ ಕರೆಂಟನ್ನು ಸದಾ ಒಂದೇ ದಿಕ್ಕಿಗೆ ಹರಿಸಿದರೆ ಒಂದು ಕಡೆಯ ತಾಮ್ರ ಕರಗುತ್ತದಂತೆ. ಸ್ಟೀಲ್ ಕಡ್ಡಿ ಹಾಕಿ, ಆಗಾಗ ಮಾತ್ರ ಕರೆಂಟ್ ಬಿಡಬೇಕಿತ್ತಂತೆ. ಸ್ವಂತ ಕಲಿತವರೆಲ್ಲ ಒಮ್ಮೆ ಇಲ್ಲಿ ಜಾರಿ ಬೀಳುತ್ತಾರಂತೆ. (ಒಬ್ಬರು ಮಾತ್ರ 'ನನ್ನ ಅಕ್ವೇರಿಯಂ ಮೀನೆಲ್ಲ ಸತ್ತವು' ಅಂತ ಬರೆದರು. ಸಮಾಧಾನ ಮಾಡಲು ಬರೆದದ್ದು ಹೌದು, ಆದರೆ ಅದನ್ನು ನಾನು ಎರಡನೇ ಸಲ ಓದಲಿಲ್ಲ.)

ಫ್ಯೂಸ್ ಮಾವ ಬರೆದರು. 'ಅಷ್ಟ್ ದೊಡ್ಡ ಟ್ಯಾಂಕಿಗೆ ಇಷ್ಟ್ ತಾಮ್ರ ಏನೂ ಮಾಡಂಗಿಲ್ಲ ಅಂತ ನನಗ ಅನಸ್ತದ. ಆದ್ರ ನಾ ಡಾಕ್ಟರ್ ಅಲ್ಲ. ಕೂಸು ವಾಂತಿ ಮಾಡ್ಕೊಳಾಕತ್ತೈತಿ ಅಂತೀರಿ, ಇಲ್ಲಿ ಕುಂತು ಟೈಪ್ ಮಾಡ್ತೀರಲ್ರಿ! ಹೋಗಿ ಅವ್ರಿಗೆ ಹೇಳ್ರಿ. ಹೇಳಿ ಬರ್ರಿ, ನಾವು ಇಲ್ಲೇ ಇರ್ತೀವಿ.'

ಇಲ್ಲೇ ಇರ್ತೀವಿ. ಮುಖ ನೋಡದವರ ಆ ಎರಡು ಪದಕ್ಕೆ ನನ್ನ ಕಣ್ಣು ತುಂಬಿತು.

ಮೇಲೆ ಹೋದೆ. ಸುನಂದಕ್ಕ ಆಸ್ಪತ್ರೆಗೆ ಹೊರಟು ನಿಂತಿದ್ದರು. ನನ್ನ ಮುಖ ನೋಡಿ "ದಾದ ಆಂಡ್? ನಿನಗೆ ಎಂತ ಆಯ್ತು?" ಅಂತ ಗಾಬರಿಯಾದರು. ಹೇಳಿದೆ. ತಂತಿ, ತಾಮ್ರ, ಎಲ್ಲ. ಅವರು ಮಗುವನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡರು.

ಆಮೇಲೆ ಅಂದರು, "ಹಾಗಾದ್ರೆ ನೀನೂ ಬಾ. ಡಾಕ್ಟ್ರಿಗೆ ನೀನೇ ಹೇಳು. ನನಗೆ ಇದೆಲ್ಲ ಹೇಳ್ಲಿಕ್ಕೆ ಬರುದಿಲ್ಲ."

ಡಾಕ್ಟರ್ ತಂತಿಯ ಫೋಟೋ ದೊಡ್ಡದು ಮಾಡಿ ನೋಡಿದರು. ಮಗುವಿನ ಹೊಟ್ಟೆ ಒತ್ತಿ ನೋಡಿದರು. ತಾಮ್ರದ್ದು ಅಂತ ಕಾಣುವುದಿಲ್ಲ, ಸೋಂಕಿನ ಹಾಗೆ ಉಂಟು, ಆದರೂ ನೀರು ಟೆಸ್ಟ್ ಮಾಡಿಸಿ ಅಂದರು. ಒಂದು ರಾತ್ರಿ ಡ್ರಿಪ್. ಮರುದಿನ ಪಾಪು ಬಿಸ್ಕೆಟ್ ಕೇಳಿದಳು ಎಂದು ಸುನಂದಕ್ಕ ಫೋನ್ ಮಾಡಿದಾಗ ನಾನು ಅಡುಗೆಮನೆಯ ನೆಲದ ಮೇಲೇ ಕೂತುಬಿಟ್ಟೆ.

ಇನ್ನೊಂದು ಕೆಲಸ ಭಾನುವಾರವೇ ಮಾಡಬೇಕಿತ್ತು. ಆಸ್ಪತ್ರೆಯ ಬೆಂಚಿನಲ್ಲಿ ಕೂತೇ ಮಾಡಿದೆ. ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗ್ರೂಪಿನಲ್ಲಿ ಬರೆಯುವುದು!

ನಿಮ್ಮ ಬಿಲ್ಡಿಂಗಿನಲ್ಲೂ ಇಂಥದ್ದೊಂದು ಗ್ರೂಪ್ ಇರಬೇಕಲ್ಲ? ಬೆಳಗ್ಗೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್, ಮಧ್ಯಾಹ್ನ ಯಾರ ಸ್ಕೂಟರ್ ಯಾರ ಜಾಗದಲ್ಲಿ ಅಂತ ಜಗಳ. ಬರೆದೆ, ಅಳಿಸಿದೆ, ಮತ್ತೆ ಬರೆದೆ. 'ತಪ್ಪು ನನ್ನದು. ಟ್ಯಾಂಕಿನ ವಾಲ್ವ್ ಬಂದ್ ಮಾಡಿದ್ದೇನೆ, ಮನೆಯಲ್ಲಿ ಹಿಡಿದಿಟ್ಟ ನೀರನ್ನು ದಯವಿಟ್ಟು ಕುಡಿಯಬೇಡಿ. ಟ್ಯಾಂಕರ್ ತರಿಸೋಣ' ಅಂತ ಕಳಿಸಿದೆ. ನೀಲಿ ಟಿಕ್ಕುಗಳು ಬಂದವು. ಎಲ್ಲರೂ ಓದಿದರು. ತುಂಬಾ ಹೊತ್ತಿನ ಮೇಲೆ ಸೆಕ್ರೆಟರಿ ದಿನೇಶಣ್ಣ ಬರೆದರು, 'ಇದಕ್ಕೆ ಜವಾಬ್ದಾರಿ ಯಾರು?' ಅದರ ಬೆನ್ನಿಗೇ ಹೆಬ್ಬೆರಳುಗಳ ಮೆರವಣಿಗೆ. ಶಾಲು ಹೊದಿಸಿದವರದ್ದೂ ಅದರಲ್ಲಿತ್ತು.

ಟೆಸ್ಟಿಗೆ ಕೊಟ್ಟ ನೀರಿನ ರಿಪೋರ್ಟ್ ಗುರುವಾರ ಬಂತು. ತಾಮ್ರ ಮಿತಿಯೊಳಗೇ ಇದೆ ಅಂತ ಇತ್ತು. ಅದರ ಕೆಳಗೆ ಇನ್ನೊಂದು ಸಾಲು. ನೀರಿನಲ್ಲಿ ರೋಗಾಣು ಉಂಟು, ಟ್ಯಾಂಕ್ ಶುಚಿಯಾಗಿಲ್ಲ, ಕೂಡಲೇ ತೊಳೆಸಿ.

ತೊಳೆಸುವುದೇ? ಮಳೆಗಾಲಕ್ಕೆ ಮೊದಲೇ 'ಟ್ಯಾಂಕ್ ಕ್ಲೀನಿಂಗ್ ಆಗಿದೆ' ಅಂತ ಸೆಕ್ರೆಟರಿಯೇ ಗ್ರೂಪಿನಲ್ಲಿ ಹಾಕಿದ್ದರಲ್ಲ? ರಿಪೋರ್ಟನ್ನು ಗ್ರೂಪಿಗೆ ಕಳಿಸಿದೆ. ಈ ಸಲ ಜವಾಬ್ದಾರಿ ಯಾರೆಂದು ಯಾರೂ ಕೇಳಲಿಲ್ಲ.

ಸಂಜೆ ದಿನೇಶಣ್ಣ ನಮ್ಮ ಬಾಗಿಲಿಗೆ ಬಂದರು. ಮುಖ ಇಳಿದಿತ್ತು. ಕೂರಲಿಲ್ಲ.

"ಆಗ್ಲಿಲ್ಲ ಅಕ್ಕ, ಕ್ಲೀನಿಂಗ್. ಬರ್ತೇನೆ ಅಂದ್ರು ಅಂತ ಮೊದ್ಲೇ ಗ್ರೂಪಲ್ಲಿ ಹಾಕಿಬಿಟ್ಟೆ, ಜನ ಬರ್ಲಿಲ್ಲ. ನಾಳೆ ಮಾಡಿಸುವ, ನಾಳೆ ಮಾಡಿಸುವ ಅಂತ ಮತ್ತೆ ಮರ್ತೇ ಹೋಯ್ತು. ಇವತ್ತು ಜನ ಕರೆಸಿ ತೊಳೆಸಿದ್ದೇನೆ. ಆದ್ರೆ ಆ ಮಗು..."

ಅವರಿಗೆ ಬೈಯಬೇಕೆಂದು ನಾಲಗೆಯ ತುದಿಯಲ್ಲಿ ನಾಲ್ಕು ಮಾತು ಸಿದ್ಧವಾಗಿದ್ದವು. ಆದರೆ ಅವರನ್ನು ನೋಡುವಾಗ ನನ್ನ ಭಾನುವಾರವೇ ಎದುರು ನಿಂತಂತಾಯಿತು. ಬೈಯಲಾಗಲಿಲ್ಲ.

"ಗ್ರೂಪಲ್ಲಿ ಹೇಳಿಬಿಡಿ ದಿನೇಶಣ್ಣ. ಮೊದ್ಲು ಸುನಂದಕ್ಕನ ಹತ್ರ ಹೇಳಿ. ನಾನು ಜೊತೆಗೆ ಬರ್ತೇನೆ."

"ಸುನಂದಕ್ಕನ ಹತ್ರ ಬೇಕಾದ್ರೆ ಹೇಳ್ತೇನೆ, ಅವರು ಬೈದ್ರೂ ತೊಂದ್ರೆ ಇಲ್ಲ" ಅಂದರು. ಹೊರಡುತ್ತಾ, "ಆದ್ರೆ ಗ್ರೂಪಲ್ಲಿ ನನ್ನಿಂದಾಗುದಿಲ್ಲ. ಅದನ್ನು ನೀವೇ ಪೇಪರಲ್ಲಿ ಬರೆದುಬಿಡಿ ಅಕ್ಕ, ಅಡ್ಡಿ ಇಲ್ಲ."

ಬರೆದಿದ್ದೇನೆ. ಇಡೀ ಊರಿಗೆ ಗೊತ್ತಾದರೂ ಪರವಾಗಿಲ್ಲ, ಪಕ್ಕದ ಮನೆಗಳಿಗೆ ಹೇಳಲು ಮಾತ್ರ ಭಯ ಅನ್ನುವುದಾದರೆ, ನಾವು ಎಂಥ ನೆರೆಹೊರೆಯವರು ಸ್ವಾಮಿ?